ಹಲ್ಲಿನ ಮಾರುಕಟ್ಟೆ: ವೈದ್ಯರಿದ್ದಾರೆ, ರೋಗವೂ ಇದೆ, ಹಣ ತೆರುವವರಾರು?

ಬೆಂಗಳೂರು: ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ರಾಜ್ಯದ ದಂತವೈದ್ಯಕೀಯ ಕ್ಷೇತ್ರಕ್ಕೆ ಅನ್ವಯಿಸುವುದಾದರೆ ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಜಯನಗರ, ಮಲ್ಲೇಶ್ವರದಂತಹ ಬಡಾವಣೆಗಳಲ್ಲಿ ಒಂದೇ ರಸ್ತೆಯಲ್ಲಿ ಮೂರ್ನಾಲ್ಕು ದಂತ ಚಿಕಿತ್ಸಾಲಯಗಳ ಫಲಕಗಳು ಕಾಣಸಿಗುತ್ತವೆ. ಅವುಗಳಲ್ಲಿ ಹಲವು ದಿನದ ಬಹುಭಾಗ ರೋಗಿಗಳಿಗಾಗಿ ಕಾಯುತ್ತಿರುತ್ತವೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹುಳುಕು ಹಲ್ಲು, ಒಸರುವ ವಸಡು, ಫ್ಲೋರೈಡ್‌ನಿಂದ ಕಂದುಗಟ್ಟಿದ ಹಲ್ಲುಗಳಿಗೆ ಬರವಿಲ್ಲ. ಅಲ್ಲಿ ಖಾಸಗಿ ದಂತವೈದ್ಯರು ಕುರ್ಚಿ ಹಾಕಿ ಕುಳಿತರೆ ಬಾಡಿಗೆ ಹುಟ್ಟುವುದೂ ಕಷ್ಟ.

ವೈದ್ಯರೂ ಇದ್ದು, ರೋಗವೂ ಇದ್ದು, ಇಬ್ಬರ ನಡುವೆ ವ್ಯವಹಾರವೇ ಕುದುರದ ಈ ವಿಚಿತ್ರ ಸ್ಥಿತಿ ಕರ್ನಾಟಕದ್ದು ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಬಾಯಿಯ ಆರೋಗ್ಯದ ಜಾಗತಿಕ ಸ್ಥಿತಿಗತಿ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ಕಾಯಿಲೆಯಿದೆ. ಅವರಲ್ಲಿ ನಾಲ್ವರಲ್ಲಿ ಮೂವರು ಮಧ್ಯಮ ಆದಾಯದ ದೇಶಗಳವರು. ಮಾರುಕಟ್ಟೆ ತಜ್ಞರ ಕಣ್ಣಿಗೆ ಇಷ್ಟು ದೊಡ್ಡ ರೋಗಿಗಳ ಸಂಖ್ಯೆ ಅಷ್ಟೇ ದೊಡ್ಡ ಗ್ರಾಹಕರ ಸಂಖ್ಯೆಯಾಗಿ ಕಾಣುತ್ತದೆ. ಆದರೆ ನೋವು ಇರುವವರೆಲ್ಲ ಗ್ರಾಹಕರಾಗುವುದಿಲ್ಲ ಎಂಬುದೇ ಈ ಕ್ಷೇತ್ರದ ಮೂಲಭೂತ ಸಮಸ್ಯೆ.

ಬೆಳವಣಿಗೆ ಇರುವುದು ಎಲ್ಲಿ?

ಬೆಳವಣಿಗೆಯ ಲಕ್ಷಣಗಳೇ ಇಲ್ಲ ಎಂದರೆ ತಪ್ಪಾದೀತು. ಹಲ್ಲಿನ ಕ್ಯಾಪ್, ಅಲೈನರ್ ಮುಂತಾದವನ್ನು ತಯಾರಿಸುವ ಮುಂಬೈಯ ಲಕ್ಷ್ಮಿ ಡೆಂಟಲ್ ಕಂಪನಿ 2025ರ ಜನವರಿಯಲ್ಲಿ ಷೇರುಪೇಟೆಗೆ ಕಾಲಿಟ್ಟಾಗ ಅದರ ಷೇರುಗಳಿಗೆ ನೂರು ಪಟ್ಟಿಗೂ ಮೀರಿ ಬೇಡಿಕೆ ಬಂದಿತ್ತು. 2011ರಲ್ಲಿ ಆರಂಭವಾದ ಕ್ಲೋವ್ ಡೆಂಟಲ್ ಸರಣಿ ದೇಶದ ಹಲವು ನಗರಗಳಲ್ಲಿ ನೂರಾರು ಚಿಕಿತ್ಸಾಲಯಗಳನ್ನು ತೆರೆದಿದೆ. ಒಂದು ಕಾಲಕ್ಕೆ ದಂತವೈದ್ಯರೆಂದರೆ ಅವರದೇ ಹೆಸರಿನ ಫಲಕ, ಹೊರಗೊಂದು ಬೆಂಚು, ಒಳಗೊಂದು ಕುರ್ಚಿ ಎಂಬ ಚಿತ್ರವಿತ್ತು. ಈಗ ಗಾಜಿನ ಬಾಗಿಲು, ಸಮವಸ್ತ್ರ ತೊಟ್ಟ ಸಿಬ್ಬಂದಿ, ಕಂತಿನಲ್ಲಿ ಹಣ ಕಟ್ಟುವ ಸೌಲಭ್ಯಗಳೆಲ್ಲ ಬಂದಿವೆ.

ಈ ಹಣ ಹರಿಯುತ್ತಿರುವುದು ಎತ್ತ ಎಂಬುದನ್ನು ಗಮನಿಸಬೇಕು. ಇಂಪ್ಲಾಂಟ್, ಪಾರದರ್ಶಕ ಅಲೈನರ್, ಹಲ್ಲು ಬಿಳುಪುಗೊಳಿಸುವುದು, ಜಿರ್ಕೋನಿಯಾ ಕ್ಯಾಪ್ ಇವೇ ಮುಂಚೂಣಿಯಲ್ಲಿವೆ. ಡಿಸೆಂಬರ್ ರಜೆಗೆ ಅಮೆರಿಕ, ಬ್ರಿಟನ್‌ಗಳಿಂದ ತವರಿಗೆ ಬರುವ ಕನ್ನಡಿಗರಲ್ಲಿ ಹಲವರು ಮದುವೆ, ದೇವಸ್ಥಾನಗಳ ಪಟ್ಟಿಯ ಜೊತೆಗೆ ಹಲ್ಲಿನ ಡಾಕ್ಟರ ಭೇಟಿಯನ್ನೂ ಸೇರಿಸಿಕೊಂಡಿರುತ್ತಾರೆ. ಅಮೆರಿಕದಲ್ಲಿ ಒಂದು ರೂಟ್ ಕೆನಾಲ್ ಮತ್ತು ಕ್ಯಾಪ್‌ಗೆ ತಗಲುವ ವೆಚ್ಚದಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಹಲವು ಹಲ್ಲುಗಳಿಗೆ ಚಿಕಿತ್ಸೆ ಮುಗಿಯುತ್ತದೆ. ಈ ವರ್ಗದ ರೋಗಿಗಳಿಗಾಗಿ ನಡೆಯುವ ಪೈಪೋಟಿಯನ್ನೇ ಇಡೀ ಮಾರುಕಟ್ಟೆಯ ಬೆಳವಣಿಗೆ ಎಂದು ಎಣಿಸಲಾಗುತ್ತಿದೆ. ನಗರದ ಕೆಲವೇ ಬಡಾವಣೆಗಳ ಲೆಕ್ಕ ಇಡೀ ರಾಜ್ಯದ ಲೆಕ್ಕವಾಗದು.

ಜೊತೆಗೆ ಚಿಕಿತ್ಸಾಲಯ ತೆರೆಯುವ ವೆಚ್ಚವೂ ಏರುತ್ತಲೇ ಇದೆ. ಕುರ್ಚಿ, ಕಂಪ್ರೆಸರ್, ಉಪಕರಣ ಶುದ್ಧೀಕರಿಸುವ ಆಟೊಕ್ಲೇವ್, ಡಿಜಿಟಲ್ ಎಕ್ಸ್‌ರೇ ಇಷ್ಟಕ್ಕೇ ಹಲವು ಲಕ್ಷ ರೂಪಾಯಿ ಬೇಕು. ಉತ್ತಮ ದರ್ಜೆಯ ಸ್ಕ್ಯಾನರ್, ಇಂಪ್ಲಾಂಟ್‌ಗಳಲ್ಲಿ ಬಹುಪಾಲು ಸ್ವಿಟ್ಜರ್ಲೆಂಡ್, ಜರ್ಮನಿ, ದಕ್ಷಿಣ ಕೊರಿಯಾಗಳಿಂದ ಬರುವಂಥವು. ರೂಪಾಯಿ ಬೆಲೆ ಕುಸಿದಾಗಲೆಲ್ಲ ಅವುಗಳ ಬೆಲೆ ಮೇಲೇರುತ್ತದೆ. ಸಾಲದ ಕಂತು ತಿಂಗಳು ತಪ್ಪದೆ ಬರುತ್ತದೆ, ರೋಗಿಗಳು ಹಾಗೆ ಬರುವುದಿಲ್ಲ. 2020ರ ಕೋವಿಡ್ ದಿಗ್ಬಂಧನದಲ್ಲಿ ತುರ್ತು ಚಿಕಿತ್ಸೆ ಹೊರತು ಉಳಿದೆಲ್ಲವೂ ವಾರಗಟ್ಟಲೆ ನಿಂತಾಗ ಈ ಕಂತಿನ ಭಾರ ಎಷ್ಟೆಂಬುದು ಸಣ್ಣ ಚಿಕಿತ್ಸಾಲಯಗಳಿಗೆ ಚೆನ್ನಾಗಿ ಅರಿವಾಯಿತು.

ಕಾಲೇಜುಗಳ ನಾಡು

ದಂತವೈದ್ಯಕೀಯ ಶಿಕ್ಷಣದಲ್ಲಿ ಕರ್ನಾಟಕ ದೇಶಕ್ಕೇ ಮುಂದಿದೆ ಎಂಬ ಹೆಮ್ಮೆ ಬಹಳ ಕಾಲದ್ದು. ಬೆಂಗಳೂರಿನಲ್ಲಿ 1958ರಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆರಂಭವಾಯಿತು. 1965ರಲ್ಲಿ ಮಣಿಪಾಲದಲ್ಲಿ, 1979ರಲ್ಲಿ ದಾವಣಗೆರೆಯ ಬಾಪೂಜಿ ಸಂಸ್ಥೆಯಲ್ಲಿ ಕಾಲೇಜುಗಳು ತೆರೆದವು. ಎಂಬತ್ತರ ದಶಕದಿಂದ ಧಾರವಾಡ, ಬೆಳಗಾವಿ, ಮಂಗಳೂರು ಎಂದು ಪಟ್ಟಿ ಬೆಳೆಯುತ್ತಲೇ ಹೋಯಿತು. ಇಂದು ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿದ್ದು, ಅವುಗಳಲ್ಲಿ ಸರ್ಕಾರಿ ಕಾಲೇಜುಗಳು ಬೆರಳೆಣಿಕೆಯಷ್ಟು ಮಾತ್ರ.

ದೇಶದಲ್ಲಿ 300ಕ್ಕೂ ಹೆಚ್ಚು ಕಾಲೇಜುಗಳಿವೆ, ನೋಂದಾಯಿತ ದಂತವೈದ್ಯರ ಸಂಖ್ಯೆ ಮೂರು ಲಕ್ಷ ದಾಟಿದೆ. ಅಂದರೆ ಸರಾಸರಿ ಐದು ಸಾವಿರಕ್ಕೂ ಕಡಿಮೆ ಜನರಿಗೆ ಒಬ್ಬರು. ಆಫ್ರಿಕಾದೊಡನೆ ಹೋಲಿಸಿದರೆ ಇದರ ಮಹತ್ವ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕಾ ವಲಯದಲ್ಲಿ 2014ರಿಂದ 2019ರ ಅವಧಿಯಲ್ಲಿ ಲಕ್ಷ ಜನರಿಗೆ 3.3 ದಂತವೈದ್ಯರಷ್ಟೇ ಇದ್ದರು. ಇದು ಜಾಗತಿಕ ಸರಾಸರಿಯ ಹತ್ತನೇ ಒಂದು ಪಾಲು. ಅಲ್ಲಿನ ಕೊರತೆ ವೈದ್ಯರದು. ಇಲ್ಲಿನ ಕೊರತೆ ಬೇರೆಯೇ.

ಹಾಗೆಂದು ಇಲ್ಲಿನ ಸರಾಸರಿಯನ್ನು ನಂಬಿ ಕೂರುವಂತಿಲ್ಲ. ಕಾಲೇಜುಗಳು ಕಟ್ಟಿದ ಊರುಗಳಲ್ಲೇ ವೈದ್ಯರೂ ನೆಲೆಸಿದರು. ದಕ್ಷಿಣದ ರಾಜ್ಯಗಳು, ಮಹಾರಾಷ್ಟ್ರ, ಅವುಗಳಲ್ಲೂ ನಗರಗಳು ತುಂಬಿಹೋದವು. ಹಳ್ಳಿಗಳ ಪಾಲಿಗೆ ದಂತವೈದ್ಯರು ದೂರದ ಬಂಧುಗಳಾಗಿಯೇ ಉಳಿದರು.

ಇದರ ಪರಿಣಾಮ ಯುವಜನರ ಆಯ್ಕೆಯಲ್ಲಿ ಕಾಣಿಸಿಕೊಂಡಿದೆ. 2020-21ರ ಸಾಲಿನಲ್ಲಿ ದೇಶದಾದ್ಯಂತ ಬಿಡಿಎಸ್‌ನ ಸುಮಾರು ಏಳು ಸಾವಿರ ಸೀಟುಗಳು ಖಾಲಿ ಉಳಿದಾಗ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2021ರ ಫೆಬ್ರುವರಿಯಲ್ಲಿ ನ್ಯಾಯಾಲಯ ನೀಟ್ ಅರ್ಹತಾ ಮಟ್ಟವನ್ನು ಹತ್ತು ಪರ್ಸೆಂಟೈಲ್ ಇಳಿಸಿ ಸೀಟು ತುಂಬಲು ಆದೇಶಿಸಿತು. ಖಾಸಗಿ ಕಾಲೇಜುಗಳು ಶುಲ್ಕ ತಗ್ಗಿಸುವ ಬಗ್ಗೆ ಯೋಚಿಸಲಿ ಎಂಬ ಮಾತೂ ಆ ತೀರ್ಪಿನಲ್ಲಿತ್ತು. ಅರ್ಹತೆ ಇಳಿಯಿತು. ಶುಲ್ಕದ ಬಗ್ಗೆ ಪೋಷಕರ ದೂರು ಹಾಗೆಯೇ ಉಳಿದಿದೆ.

ಐದು ವರ್ಷ ಓದಿ ಹೊರಬಂದವರ ಮುಂದಿರುವ ದಾರಿಗಳಾದರೂ ಯಾವುವು? ಮನೆಯಲ್ಲಿ ಬಂಡವಾಳವಿದ್ದವರು ಸ್ವಂತ ಚಿಕಿತ್ಸಾಲಯ ತೆರೆಯುತ್ತಾರೆ. ಇಲ್ಲದವರು ಹಿರಿಯ ವೈದ್ಯರ ಬಳಿ ಅಲ್ಪ ಸಂಬಳಕ್ಕೆ ದುಡಿಯುತ್ತಾರೆ. ಇನ್ನು ಕೆಲವರು ಬೆಂಗಳೂರಿನ ಮೆಡಿಕಲ್ ಕೋಡಿಂಗ್, ಕ್ಲಿನಿಕಲ್ ಸಂಶೋಧನೆ ಕಂಪನಿಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದಾರೆ. ಆಸ್ಟ್ರೇಲಿಯಾ, ಕೆನಡಾ, ಅಮೆರಿಕದ ಅರ್ಹತಾ ಪರೀಕ್ಷೆಗಳಿಗೆ ಓದುತ್ತಿರುವವರೂ ಕಡಿಮೆಯೇನಿಲ್ಲ.

ಆದರೂ ಈ ಖಾಸಗಿ ಕಾಲೇಜುಗಳೇ ರಾಜ್ಯದ ಬಡವರ ಪಾಲಿನ ನಿಜವಾದ ದಂತ ಆಸ್ಪತ್ರೆಗಳು ಎಂಬುದನ್ನು ಮರೆಯುವಂತಿಲ್ಲ. ವಿದ್ಯಾರ್ಥಿಗಳ ಕಲಿಕೆಗೆ ರೋಗಿಗಳು ಬೇಕೇ ಬೇಕು. ಆದ್ದರಿಂದ ಹೊರರೋಗಿ ವಿಭಾಗದಲ್ಲಿ ದರ ಕಡಿಮೆ, ಹಳ್ಳಿಗಳಿಗೆ ಶಿಬಿರ, ಸಂಚಾರಿ ಬಸ್ಸು. ಸಮಯ ಹಿಡಿಯುತ್ತದೆ, ಒಂದು ಹಲ್ಲಿಗೆ ಮೂರು ನಾಲ್ಕು ಬಾರಿ ಅಲೆಯಬೇಕಾಗುತ್ತದೆ, ಚಿಕಿತ್ಸೆ ಮಾತ್ರ ಹಿರಿಯರ ಉಸ್ತುವಾರಿಯಲ್ಲೇ ನಡೆಯುತ್ತದೆ. ಸರ್ಕಾರ ರೂಪಿಸದೆಯೇ ತಾನಾಗಿ ರೂಪುಗೊಂಡ ಸಾರ್ವಜನಿಕ ವ್ಯವಸ್ಥೆಯಿದು. ಕಾಲೇಜಿಲ್ಲದ ಜಿಲ್ಲೆಗಳವರಿಗೆ ಅದೂ ಇಲ್ಲ.

ಕೀಳಿಸುವುದೇ ಅಗ್ಗ

ಮಾರುಕಟ್ಟೆ ಹಳ್ಳಿಯನ್ನು ಏಕೆ ತಲುಪುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಹಲ್ಲಿನ ಲೆಕ್ಕ ಸಾಕು. ಆರಂಭದಲ್ಲೇ ಕಂಡ ಹುಳುಕನ್ನು ತುಂಬಿಸಲು ಕೆಲವು ನೂರು ರೂಪಾಯಿಗಳಿಂದ ಸಾವಿರದ ಆಸುಪಾಸು ಖರ್ಚಾಗಬಹುದು. ಆದರೆ ಆಗ ನೋವಿರುವುದಿಲ್ಲ. ನೋವಿಲ್ಲದೆ ಕೆಲಸ ಬಿಟ್ಟು, ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಯಾರೂ ಹೋಗುವುದಿಲ್ಲ. ರಾತ್ರಿಯಿಡೀ ನಿದ್ದೆಗೆಡಿಸಿದ ಮೇಲೆ ಹೋದರೆ ಹುಳುಕು ನರದವರೆಗೆ ಇಳಿದಿರುತ್ತದೆ. ಆಗ ಉಳಿಯುವುದು ಎರಡೇ ದಾರಿ. ಒಂದು ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸುವುದು, ಇನ್ನೊಂದು ಕೀಳಿಸುವುದು.

ರೂಟ್ ಕೆನಾಲ್ ಮತ್ತು ಸಾಧಾರಣ ಕ್ಯಾಪ್‌ಗೆ ಜಿಲ್ಲಾ ಕೇಂದ್ರದ ಖಾಸಗಿ ಚಿಕಿತ್ಸಾಲಯದಲ್ಲಿ ಏಳೂವರೆ ಸಾವಿರ ರೂಪಾಯಿ ಎಂದಿಟ್ಟುಕೊಳ್ಳೋಣ. ಉದ್ಯೋಗ ಖಾತರಿ ಯೋಜನೆಯಡಿ 2025-26ನೇ ಸಾಲಿಗೆ ರಾಜ್ಯಕ್ಕೆ ನಿಗದಿಯಾಗಿದ್ದ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಒಂದು ಹಲ್ಲು ಉಳಿಸಿಕೊಳ್ಳಲು ಇಪ್ಪತ್ತು ದಿನಗಳ ಕೂಲಿ. ಅದೂ ಚಿಕಿತ್ಸೆಗೆಂದು ಅಲೆಯುವ ದಿನಗಳ ಕೂಲಿ ಕಳೆದುಕೊಂಡ ಲೆಕ್ಕ ಬಿಟ್ಟು. ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಿದರೆ ಖರ್ಚೇ ಇಲ್ಲವೆನ್ನುವಷ್ಟು ಕಡಿಮೆ, ನೋವೂ ಆ ದಿನವೇ ಮುಗಿಯುತ್ತದೆ. ಕೂಲಿ ಕಾರ್ಮಿಕನೊಬ್ಬ ಕೀಳಿಸುವುದನ್ನೇ ಆರಿಸಿಕೊಂಡರೆ ಅದನ್ನು ಅಜ್ಞಾನ ಎನ್ನುವುದು ಅನ್ಯಾಯ. ಅವನ ಲೆಕ್ಕ ಸರಿಯಾಗಿಯೇ ಇದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ, ಕೆಲವು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ದಂತವೈದ್ಯರ ಹುದ್ದೆಗಳಿವೆ. ಆದರೆ ಹುದ್ದೆಯ ಜೊತೆಗೆ ಕುರ್ಚಿ, ಕುರ್ಚಿಯ ಜೊತೆಗೆ ಕಂಪ್ರೆಸರ್, ಕಂಪ್ರೆಸರ್ ಜೊತೆಗೆ ವಿದ್ಯುತ್, ತುಂಬಿಸುವ ಸಾಮಗ್ರಿ, ನೆರವಿಗೆ ಒಬ್ಬ ಸಹಾಯಕ ಇವೆಲ್ಲ ಕೂಡಿ ಬಂದಾಗ ಮಾತ್ರ ಹಲ್ಲನ್ನು ಉಳಿಸುವ ಚಿಕಿತ್ಸೆ ಸಾಧ್ಯ. ಇವುಗಳಲ್ಲಿ ಒಂದು ತಪ್ಪಿದರೂ ವೈದ್ಯರ ಕೈಯಲ್ಲಿ ಉಳಿಯುವುದು ಇಕ್ಕಳ ಮತ್ತು ನೋವಿನ ಮಾತ್ರೆ.

ರಾಜ್ಯ ಸರ್ಕಾರ 2014-15ರಲ್ಲಿ ದಂತಭಾಗ್ಯ ಯೋಜನೆಯನ್ನು ಪ್ರಕಟಿಸಿತು. ಬಡತನ ರೇಖೆಗಿಂತ ಕೆಳಗಿರುವ ಹಿರಿಯ ನಾಗರಿಕರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಡುವ ಯೋಜನೆಯಿದು. ಹಲ್ಲಿಲ್ಲದೆ ರಾಗಿಮುದ್ದೆ, ಗಂಜಿಗಳಲ್ಲೇ ದಿನ ದೂಡುತ್ತಿದ್ದ ವೃದ್ಧರಿಗೆ ರೊಟ್ಟಿ ಮುರಿದು ತಿನ್ನುವ ಭಾಗ್ಯ ಸಣ್ಣದೇನಲ್ಲ. ಆದರೆ ಎಲ್ಲ ಹಲ್ಲುಗಳೂ ಹೋದ ಮೇಲೆ ನೆರವಿಗೆ ಬರುವ ಸರ್ಕಾರ, ಮೊದಲ ಹಲ್ಲು ಹುಳುಕಾದಾಗ ಎಲ್ಲಿತ್ತು ಎಂಬ ಪ್ರಶ್ನೆಯನ್ನು ಈ ಯೋಜನೆಯೇ ಎತ್ತುತ್ತದೆ.

ವಿಮೆಗೆ ಹಲ್ಲೆಂದರೆ ದೂರ

ಹೃದಯದ ಶಸ್ತ್ರಚಿಕಿತ್ಸೆಗೆ ವಿಮೆಯುಂಟು, ಹಲ್ಲಿಗೇಕಿಲ್ಲ? ಕರ್ನಾಟಕದಲ್ಲೇ ಇದಕ್ಕೊಂದು ಹೋಲಿಕೆ ಸಿಗುತ್ತದೆ. 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ಸದಸ್ಯ ರೈತರು ಮೊದಲಿಗೆ ತಿಂಗಳಿಗೆ ಕೇವಲ ಐದು ರೂಪಾಯಿ ಕಟ್ಟಿ ದೊಡ್ಡ ಶಸ್ತ್ರಚಿಕಿತ್ಸೆಗಳ ರಕ್ಷಣೆ ಪಡೆದಿದ್ದರು. ಸಾವಿರ ಜನ ಕಟ್ಟಿದರೆ ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗಷ್ಟೇ ಎಂಬುದು ಅದರ ಹಿಂದಿನ ಸೂತ್ರ. ಹಲ್ಲಿನ ವಿಷಯದಲ್ಲಿ ಈ ಸೂತ್ರ ತಲೆಕೆಳಗಾಗುತ್ತದೆ. ಸಾವಿರ ಜನ ಕಟ್ಟಿದರೆ ಬಹುತೇಕ ಎಲ್ಲರಿಗೂ ಏನಾದರೊಂದು ಚಿಕಿತ್ಸೆ ಬೇಕಾಗಿರುತ್ತದೆ. ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲೇ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಂತಕ್ಷಯವಿತ್ತು. ಹಲ್ಲು ಕೆಟ್ಟವರೇ ಮುಂದೆ ಬಂದು ವಿಮೆ ಮಾಡಿಸಿಕೊಂಡರೆ ಕಂಪನಿ ಮುಳುಗುವುದು ನಿಶ್ಚಿತ. ಆದ್ದರಿಂದಲೇ ಸಾಮಾನ್ಯ ಆರೋಗ್ಯ ವಿಮೆಗಳು ಅಪಘಾತದಲ್ಲಿ ಆದ ಹಾನಿಯ ಹೊರತು ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟಿವೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ವಿಮೆಯೂ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಕಾಯಿಲೆಗಳಿಗೆ ಮೀಸಲು. ದವಡೆ ಮುರಿದರೆ, ಬಾಯಿಯ ಗೆಡ್ಡೆ ತೆಗೆಯಬೇಕಾದರೆ ಅದರಲ್ಲಿ ಅವಕಾಶವಿದೆ. ಹುಳುಕು ತುಂಬಿಸಲು ಯಾರೂ ಆಸ್ಪತ್ರೆಗೆ ದಾಖಲಾಗುವುದಿಲ್ಲ, ಹಾಗಾಗಿ ಅದಕ್ಕೆ ಹಣವೂ ಇಲ್ಲ.

ತೆರಿಗೆಯ ವಿಷಯದಲ್ಲಿ ಈಚೆಗೆ ಒಂದಿಷ್ಟು ಬದಲಾವಣೆ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ಬ್ರಷ್‌ಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ, ಹಲ್ಲುಪುಡಿಯ ಮೇಲಿನದು ಶೇ 12ರಿಂದ ಶೇ 5ಕ್ಕೆ ಇಳಿಯಿತು. ಸದ್ವೈದ್ಯಶಾಲೆ 1913ರಲ್ಲಿ ಸ್ಥಾಪನೆಯಾದ ಕಾಲದಿಂದ ನಂಜನಗೂಡು ಹಲ್ಲುಪುಡಿಯ ಹೆಸರು ಕೇಳುತ್ತ ಬಂದ ನಾಡಿನಲ್ಲಿ ಇದು ಮನೆಮನೆಗೂ ತಲುಪುವ ರಿಯಾಯಿತಿ. ಫ್ಲೋರೈಡ್ ಇರುವ ಪೇಸ್ಟ್‌ನಿಂದ ದಿನಕ್ಕೆರಡು ಬಾರಿ ಹಲ್ಲುಜ್ಜುವುದು ಇಂದಿಗೂ ಅತ್ಯಂತ ಅಗ್ಗದ ದಂತ ಚಿಕಿತ್ಸೆ ಎಂಬುದರಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ.

ಇಲ್ಲೊಂದು ವಿಪರ್ಯಾಸವೂ ಇದೆ. ಪೇಸ್ಟ್‌ನಲ್ಲಿ ಹಲ್ಲು ಕಾಯುವ ಫ್ಲೋರೈಡ್, ಕೊಳವೆಬಾವಿ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಕೆಡಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಕೊಪ್ಪಳ, ರಾಯಚೂರು, ಗದಗ ಜಿಲ್ಲೆಗಳ ಅನೇಕ ಗ್ರಾಮಗಳ ಅನುಭವ ಇದು. ಹಲ್ಲು ಒಳಗೇ ರೂಪುಗೊಳ್ಳುತ್ತಿರುವ ಎಳವೆಯಲ್ಲಿ ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಕಲೆ ಮತ್ತೆ ಉಜ್ಜಿದರೆ ಹೋಗುವಂಥದ್ದಲ್ಲ. ಅದನ್ನು ಮರೆಮಾಡುವ ವಿನೀರ್ ಚಿಕಿತ್ಸೆ ನಗರಗಳಲ್ಲಿ ಸೌಂದರ್ಯದ ಬಾಬತ್ತು. ಅದು ನಿಜವಾಗಿ ಬೇಕಿರುವುದು ಅದರ ಬೆಲೆ ಕೇಳಲೂ ಅಂಜುವ ಊರುಗಳಲ್ಲಿ. ಇಲ್ಲಿ ದಂತವೈದ್ಯರಿಗಿಂತ ಮೊದಲು ಬರಬೇಕಾದದ್ದು ಶುದ್ಧ ಕುಡಿಯುವ ನೀರು.

ಬ್ರೆಜಿಲ್ ಹಿಡಿದ ದಾರಿ

ಅಭಿವೃದ್ಧಿಶೀಲ ದೇಶಗಳಲ್ಲಿ ದಂತ ಚಿಕಿತ್ಸೆಯನ್ನು ಖಾಸಗಿ ಜೇಬಿಗೇ ಬಿಡಬೇಕೆಂಬ ನಿಯಮವೇನೂ ಇಲ್ಲ. ಭಾರತದಂತೆಯೇ ದಂತವೈದ್ಯರ ದೊಡ್ಡ ಪಡೆಯಿದ್ದ ಬ್ರೆಜಿಲ್ 2004ರಲ್ಲಿ 'ನಗುವ ಬ್ರೆಜಿಲ್' ಎಂಬ ಅರ್ಥದ ಹೆಸರಿನ ಕಾರ್ಯಕ್ರಮ ಆರಂಭಿಸಿತು. ಅದರಂತೆ ಪ್ರಾಥಮಿಕ ಆರೋಗ್ಯ ತಂಡಗಳೊಳಗೇ ದಂತವೈದ್ಯರನ್ನು, ಸಹಾಯಕರನ್ನು ಸೇರಿಸಲಾಯಿತು. ರೂಟ್ ಕೆನಾಲ್‌ನಂತಹ ಚಿಕಿತ್ಸೆಗಳಿಗೆ ಪ್ರತ್ಯೇಕ ಕೇಂದ್ರಗಳು ತೆರೆದವು. 2023ರಲ್ಲಿ ಕಾನೂನಿನ ಮೂಲಕ ಅದನ್ನು ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಖಾಯಂ ಅಂಗವನ್ನಾಗಿ ಮಾಡಲಾಯಿತು. ಅಲ್ಲಿಯೂ ದೂರದ ಪ್ರದೇಶಗಳಲ್ಲಿ ಕೊರತೆಗಳುಂಟು. ಆದರೆ ಸರ್ಕಾರವೇ ದೊಡ್ಡ ಗ್ರಾಹಕನಾದಾಗ ವೈದ್ಯರಿಗೆ ಉದ್ಯೋಗ, ರೋಗಿಗೆ ಚಿಕಿತ್ಸೆ ಎರಡೂ ಒಟ್ಟಿಗೆ ದೊರೆಯಬಲ್ಲವು ಎಂಬುದು ಅಲ್ಲಿ ಕಂಡುಬಂದಿದೆ.

ಭಾರತದಲ್ಲಿ ಕಾಗದದ ಮೇಲೆ ಚೌಕಟ್ಟು ಸಿದ್ಧವಿದೆ. 2014ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಬಂದಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ತೆರಳಿ ಮಕ್ಕಳ ಹಲ್ಲುಗಳನ್ನೂ ನೋಡುತ್ತವೆ. ಹುಳುಕು ಕಂಡ ಮಗುವನ್ನು ಮುಂದಿನ ಚಿಕಿತ್ಸೆಗೆ ಬರೆದುಕೊಡಲಾಗುತ್ತದೆ. ಬರೆದುಕೊಟ್ಟ ಚೀಟಿ ಹಿಡಿದು ಕುರ್ಚಿಯವರೆಗೆ ಮಗುವನ್ನು ಕರೆದೊಯ್ಯುವವರು ಯಾರು ಎಂಬಲ್ಲಿಗೆ ಸರಪಳಿ ತುಂಡಾಗುತ್ತದೆ. ಕಾಲೇಜುಗಳ ಸಂಚಾರಿ ಬಸ್ಸುಗಳನ್ನು ಈ ಚೀಟಿಗಳ ಬೆನ್ನಿಗೆ ಕಳುಹಿಸಿ, ತುಂಬಿಸಿದ ಪ್ರತಿ ಹಲ್ಲಿಗೆ ಸರ್ಕಾರ ಇಂತಿಷ್ಟು ಎಂದು ಹಣ ಕೊಟ್ಟರೆ ಹೊಸ ಕಟ್ಟಡಗಳ ಅಗತ್ಯವಿಲ್ಲ. ದಂತಭಾಗ್ಯದಲ್ಲಿ ಕಾಲೇಜುಗಳೊಡನೆ ಮಾಡಿಕೊಂಡ ಏರ್ಪಾಡೇ ಇದಕ್ಕೂ ಮಾದರಿಯಾಗಬಲ್ಲದು.

ಅಡಿಕೆ ನಾಡಿನ ಇನ್ನೊಂದು ಲೆಕ್ಕ

ಹಲ್ಲು ಹೋದರೆ ಪ್ರಾಣ ಹೋಗುವುದಿಲ್ಲವಲ್ಲ ಎಂಬ ಉದಾಸೀನಕ್ಕೆ ಬಾಯಿ ಕ್ಯಾನ್ಸರ್ ಉತ್ತರವಾಗಿ ನಿಂತಿದೆ. ಜಗತ್ತಿನ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಮೂರನೇ ಒಂದು ಪಾಲು ಭಾರತದಲ್ಲಿದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 21.4ರಷ್ಟು ಜನ ಹೊಗೆರಹಿತ ತಂಬಾಕನ್ನು ಬಳಸುತ್ತಿದ್ದರು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟವಾಗತೊಡಗಿತು. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದನ್ನು ಕಾನೂನು ತಡೆಯಲಾರದು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಬೆಳೆಗಾರರ ಬದುಕು ಅಡಿಕೆಯನ್ನೇ ನೆಚ್ಚಿರುವುದರಿಂದ ಈ ಮಾತು ರಾಜ್ಯದಲ್ಲಿ ರಾಜಕೀಯವಾಗಿಯೂ ಬಿಸಿ ತುಪ್ಪ. ಆದರೆ ಬಾಯಿ ಪೂರ್ತಿ ತೆರೆಯಲಾಗದೆ ಬರುವ ಯುವಕರನ್ನು ದಂತ ಕಾಲೇಜುಗಳು ನಿತ್ಯವೂ ಕಾಣುತ್ತಿವೆ. ಕೆನ್ನೆಯ ಒಳಪದರ ಗಟ್ಟಿಯಾಗುವ ಈ ಸ್ಥಿತಿ ಕೆಲವರಲ್ಲಿ ಮುಂದೆ ಕ್ಯಾನ್ಸರ್‌ಗೆ ತಿರುಗುತ್ತದೆ.

ಇದನ್ನು ಬೇಗ ಪತ್ತೆಹಚ್ಚಲು ದುಬಾರಿ ಯಂತ್ರಗಳು ಬೇಕಿಲ್ಲ. ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವುಗಳು ಶೇ 34ರಷ್ಟು ತಗ್ಗಿದ್ದವು. ಒಂದು ಟಾರ್ಚು, ಎರಡು ನಿಮಿಷ, ಏನು ನೋಡಬೇಕೆಂದು ತಿಳಿದ ಕಣ್ಣು ಸಾಕಾಗುತ್ತದೆ. ದಂತವೈದ್ಯರ ಬಳಿ ವರ್ಷಕ್ಕೊಮ್ಮೆ ಹೋಗುವ ರೂಢಿಯಿದ್ದರೆ ಈ ಎರಡು ನಿಮಿಷ ತಾನಾಗಿ ಸಿಗುತ್ತದೆ. ಹಲ್ಲು ಕೀಳಿಸಲು ಮಾತ್ರ ಹೋಗುವವರಿಗೆ ಅದು ಸಿಗುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಮುಂದಿನ ನಡೆ

1948ರ ದಂತವೈದ್ಯರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆ, ಖಾಸಗಿ ಕಾಲೇಜುಗಳ ಅರ್ಧದಷ್ಟು ಸೀಟುಗಳ ಶುಲ್ಕಕ್ಕೆ ಮಾರ್ಗಸೂಚಿ ಇವು ಅದರಲ್ಲಿರುವ ಮುಖ್ಯ ಅಂಶಗಳು. ಶಿಕ್ಷಣದ ಗುಣಮಟ್ಟಕ್ಕೆ ಇವು ನೆರವಾಗಬಹುದು. ಹೊರಬಂದ ವೈದ್ಯರು ಎಲ್ಲಿ ಕೂರಬೇಕು, ಅವರ ಎದುರಿನ ಕುರ್ಚಿಯಲ್ಲಿ ಕುಳಿತವನ ಬಿಲ್ಲನ್ನು ಯಾರು ಕಟ್ಟಬೇಕು ಎಂಬುದು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅದು ಆರೋಗ್ಯ ಇಲಾಖೆಯ ಬಜೆಟ್ಟಿನಲ್ಲಿ ತೀರ್ಮಾನವಾಗುವ ವಿಷಯ. ಹೂಡಿಕೆದಾರರಂತೂ ಅದಕ್ಕಾಗಿ ಕಾಯುತ್ತಿಲ್ಲ. ಸರಣಿ ಚಿಕಿತ್ಸಾಲಯಗಳು ಹುಬ್ಬಳ್ಳಿ, ಮಂಗಳೂರು, ಮೈಸೂರಿನಂತಹ ನಗರಗಳ ಲೆಕ್ಕ ಹಾಕುವಾಗ ಪಾವಗಡ, ಮುಂಡರಗಿಗಳ ಹೆಸರು ಸದ್ಯಕ್ಕಂತೂ ಅವರ ಪಟ್ಟಿಯಲ್ಲಿ ಸೇರುವ ಸೂಚನೆಗಳಿಲ್ಲ.